ಆಫರ್ ಲೆಟರ್ ಬಂತು, ಹೂಂ ಅನ್ನಲೋ ಬೇಡವೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊನೇ ಸೆಮಿಸ್ಟರಿನ ಹುಡುಗ ಹುಡುಗಿಯರದು. ಎಲ್ಲವನ್ನೂ ಓದಿದ್ದೇನೆ. ಒಂದೇ ಥರದ ಪ್ರಶ್ನೆ ಇದ್ದ ಕಡೆ ಒಂದು ಪತ್ರ ಆರಿಸಿಕೊಂಡಿದ್ದೇನೆ, ಹೆಸರು ಹಾಕಿಲ್ಲ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಹುಬ್ಬಳ್ಳಿ ಗೋಕುಲ ರೋಡಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಂಡು ನಿವೃತ್ತಳಾದವಳು. ಹೊಸಬರನ್ನು ಮಾತಾಡಿಸಿ ಆರಿಸುವುದೇ ನನ್ನ ಕೆಲಸವಾಗಿತ್ತು. ಅಲ್ಲಿ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ಅಕ್ಕಾರೆ, ನಾನು ಮೆಕ್ಯಾನಿಕಲ್ ಬಿ.ಇ. ಕೊನೇ ವರ್ಷದಲ್ಲಿದ್ದೇನೆ. ಕ್ಯಾಂಪಸ್‌ನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ 4.2 ಲಕ್ಷದ ಪ್ಯಾಕೇಜ್ ಕೊಟ್ಟಿದೆ. ಸೇರುವ ದಿನ ಇನ್ನೂ ಹೇಳಿಲ್ಲ. ಎರಡು ವರ್ಷದ ಬಾಂಡ್ ಇದೆ, ಮೂಲ ಅಂಕಪಟ್ಟಿಯನ್ನೂ ಅವರ ಹತ್ತಿರ ಇಡಬೇಕಂತೆ. ಇತ್ತ ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಯೊಂದು ಕ್ವಾಲಿಟಿ ವಿಭಾಗಕ್ಕೆ ಕರೆದಿದೆ, ತಿಂಗಳಿಗೆ 18,000. ನನಗೆ ವರ್ಕ್‌ಶಾಪ್ ಅಂದರೆ ಇಷ್ಟ. ಪ್ರಾಜೆಕ್ಟ್ ಕೂಡ ಗೇಟ್ ವಾಲ್ವ್ ಮೇಲೆಯೇ ಮಾಡಿದ್ದೇನೆ. ಅಪ್ಪ ಮಾತ್ರ "35 ಸಾವಿರ ಬಿಟ್ಟು 18 ಸಾವಿರಕ್ಕೆ ಯಾರಾದರೂ ಹೋಗ್ತಾರೇನೋ" ಅಂತಾರೆ. ಏನು ಮಾಡಲಿ?
– ಬಿ.ಇ. ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ಮೊದಲು ಅಪ್ಪನ ಜೊತೆ ಕೂತು ಆ 35 ಸಾವಿರವನ್ನು ಬಿಡಿಸಿ ನೋಡು. ಪ್ಯಾಕೇಜ್ ಅಂದರೆ ಕಂಪನಿಗೆ ನಿನ್ನಿಂದ ವರ್ಷಕ್ಕೆ ಬೀಳುವ ಒಟ್ಟು ಖರ್ಚು. ನಿನ್ನ ಕೈಗೆ ಬರುವ ಪಗಾರ ಬೇರೆ. ಇಂಥ ಲೆಟರ್‌ಗಳು ಸಾಮಾನ್ಯವಾಗಿ ಹೇಗಿರುತ್ತವೆ ಅಂದರೆ, 4.2 ಲಕ್ಷದಲ್ಲಿ ಶೇಕಡಾ 10 ವೇರಿಯಬಲ್ ಪೇ. ಅದು ಕಂಪನಿಯ ಲಾಭ, ನಿನ್ನ ರೇಟಿಂಗ್ ನೋಡಿ ವರ್ಷದ ಕೊನೆಗೆ ಬರುವುದು, ಪೂರ್ತಿ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅಲ್ಲಿಗೆ ತಿಂಗಳಿಗೆ 3,500 ಹೋಯಿತು. ಕಂಪನಿ ಕಟ್ಟುವ ಪಿಎಫ್ 1,800, ಅದನ್ನೂ ಪ್ಯಾಕೇಜಿನಲ್ಲೇ ಸೇರಿಸಿರುತ್ತಾರೆ. ಮೂಲವೇತನ 17,500 ಅಂತ ಹಿಡಿದರೆ ಗ್ರಾಚ್ಯುಟಿ ಹೆಸರಲ್ಲಿ ಶೇಕಡಾ 4.81, ಅಂದರೆ 842. ಇನ್ಶೂರೆನ್ಸ್ ಕಂತು ಒಂದು 500 ಅನ್ನೋಣ. ಉಳಿದದ್ದು 28,358. ಇದರಲ್ಲಿ ನಿನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆ. ಕೈಗೆ ಬರುವುದು 26,358. ನಿನ್ನ ಲೆಟರಿನ ಕೊನೇ ಪುಟದಲ್ಲಿ ಇದರ ಕೋಷ್ಟಕ ಇರುತ್ತದೆ, ಅಂಕಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಇದರಲ್ಲಿ ಪಿಜಿಗೆ ಎಂಟು ಹತ್ತು ಸಾವಿರ, ಓಡಾಟ, ಸಂಜೆಯ ಊಟ ತಿಂಡಿ, ಊರಿಗೆ ಬಂದುಹೋಗುವ ಖರ್ಚು ತೆಗೆ.

ಈಗ ಹುಬ್ಬಳ್ಳಿಯ 18,000 ನೋಡು. ಇದು ಕಾರ್ಖಾನೆಯ ಪಾಲಿನ ಪಿಎಫ್ ಸೇರಿಸಿ ಹೇಳಿದ್ದೋ, ಬಿಟ್ಟು ಹೇಳಿದ್ದೋ ಅಂತ ಕೇಳು. ಬಿಟ್ಟು ಹೇಳಿದ್ದಾದರೆ ನಿನ್ನ ಪಿಎಫ್ ಹೆಚ್ಚೆಂದರೆ 1,800 ಹೋಗುತ್ತದೆ, ಇಎಸ್‌ಐಗೆ ಶೇಕಡಾ 0.75, ಅಂದರೆ 135. ಪಗಾರ 25,000ದ ಒಳಗಿದ್ದರೆ ನಮ್ಮ ರಾಜ್ಯದಲ್ಲಿ ವೃತ್ತಿ ತೆರಿಗೆ ಇಲ್ಲ. ಕೈಗೆ 16 ಸಾವಿರ. ಮನೆ ಊಟ, ಚಿಗರಿ ಬಸ್ಸಿನ ಪಾಸ್. ತಿಂಗಳ ಕೊನೆಗೆ ಎರಡೂ ಕಡೆ ಉಳಿಯುವುದು ಹೆಚ್ಚುಕಡಿಮೆ ಒಂದೇ. ಅಪ್ಪನ ಮಾತಿಗೆ ಉತ್ತರ ಇಷ್ಟೇ, ಜಗಳ ಬೇಡ.

ಆದರೆ ದುಡ್ಡಿನ ಲೆಕ್ಕ ನೋಡಿ ಹುಬ್ಬಳ್ಳಿಗೆ ಹೋಗು ಅಂತ ನಾನು ಹೇಳುತ್ತಿಲ್ಲ. ಮೊದಲ ಎರಡು ವರ್ಷ ದಿನವಿಡೀ ನಿನ್ನ ಕೈಯಲ್ಲಿ ಯಾವ ಕೆಲಸ ಇರುತ್ತದೆ, ಪಕ್ಕದಲ್ಲಿ ನಿಂತು ಕಲಿಸುವವರು ಯಾರು, ಅದನ್ನು ನೋಡಿ ಹೇಳುತ್ತಿದ್ದೇನೆ.

ಕ್ವಾಲಿಟಿ ವಿಭಾಗದಲ್ಲಿ ಏನು ಕಲಿಯುತ್ತಾರೆ ಅಂತ ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಜೋಡಣೆ ಮುಗಿದ ವಾಲ್ವ್ ಟೆಸ್ಟ್ ಬೆಂಚಿಗೆ ಬರುತ್ತದೆ. ಎರಡೂ ಬಾಯಿ ಮುಚ್ಚಿ, ಒಳಗೆ ನೀರು ತುಂಬಿ, ಗಾಳಿ ಹೊರಗೆ ಬಿಟ್ಟು, ಅದು ತಾಳಬೇಕಾದ ಒತ್ತಡದ ಒಂದೂವರೆ ಪಟ್ಟು ಏರಿಸುತ್ತಾರೆ. ಹೊಸ ಹುಡುಗ ಗೇಜಿನ ಮುಳ್ಳನ್ನಷ್ಟೇ ನೋಡುತ್ತಾ ನಿಲ್ಲುತ್ತಾನೆ. ಪಳಗಿದ ಇನ್‌ಸ್ಪೆಕ್ಟರ್ ಟಾರ್ಚ್ ಹಾಕಿ ಬಾನೆಟ್ (ವಾಲ್ವಿನ ಮೇಲ್ಮುಚ್ಚಳ) ಜಾಯಿಂಟಿನ ಕೆಳಗೆ, ಪೈಪಿಗೆ ಬಿಗಿಯುವ ಫ್ಲ್ಯಾಂಜಿನ ಹಿಂದೆ, ಬಾಡಿಯ ತಿರುವಿನಲ್ಲಿ ಕಣ್ಣಾಡಿಸುತ್ತಾನೆ. ಅಲ್ಲಿ ಸಣ್ಣಗೆ ಬೆವರಿದಂತೆ ತೇವ ಕಂಡರೂ ವಾಲ್ವ್ ಹಿಂದಕ್ಕೆ. ಆಮೇಲೆ ಯಾಕೆ ಅನ್ನುವ ವಿಚಾರಣೆ. ಬೋಲ್ಟ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಯಿತೋ, ಗ್ಯಾಸ್ಕೆಟ್ ಕೂತಿಲ್ಲವೋ, ಎರಕದಲ್ಲೇ ಸಣ್ಣ ತೂತು ಉಳಿದಿದೆಯೋ? ಎರಕದ್ದಾದರೆ ಬಾಡಿಯ ಮೇಲಿನ ಹೀಟ್ ನಂಬರ್ (ಒಂದು ಸಲಕ್ಕೆ ಕರಗಿಸಿದ ಲೋಹದ ಗುರುತು) ಹಿಡಿದು, ಅದೇ ಲೋಹದಿಂದ ಸುರಿದ ಬೇರೆ ಎರಕಗಳನ್ನೂ ಹುಡುಕಿ ತೆಗೆಯಬೇಕು. ಒಂದು ತೇವದ ಕಲೆಯಿಂದ ಫೌಂಡ್ರಿಯವರೆಗೆ ಹಿಂದಕ್ಕೆ ಹೋಗುವ ಈ ಬುದ್ಧಿ ಪುಸ್ತಕದಲ್ಲಿ ಸಿಗುವುದಿಲ್ಲ. ಇದು ಕೈಗೆ ಹತ್ತಿದವರು, ಜೊತೆಗೆ ಡೈ ಪೆನೆಟ್ರೆಂಟ್, ರೇಡಿಯೋಗ್ರಫಿಯಂಥ, ಮಾಲು ಒಡೆಯದೆ ದೋಷ ಹುಡುಕುವ ಪರೀಕ್ಷೆಗಳಲ್ಲಿ (ಎನ್‌ಡಿಟಿ) ಲೆವೆಲ್ 2 ಸರ್ಟಿಫಿಕೇಟ್ ಮಾಡಿಕೊಂಡವರು, ನಮ್ಮಲ್ಲಿಂದ ಕೊಯಮತ್ತೂರು, ಚೆನ್ನೈ, ಪುಣೆ, ಗಲ್ಫ್‌ವರೆಗೆ ಹೋಗಿ ಒಳ್ಳೆಯ ಪಗಾರಕ್ಕೆ ನಿಂತಿದ್ದಾರೆ.

ಹಾಗಂತ ಕಣ್ಣು ಮುಚ್ಚಿ ಸೇರಬೇಡ. ಕ್ವಾಲಿಟಿ ಅಂತ ಕರೆದು ವರ್ಷಪೂರ್ತಿ ರಿಪೋರ್ಟ್ ಟೈಪ್ ಮಾಡಿಸುವ ಜಾಗಗಳೂ ಇವೆ. "ಮೊದಲ ಆರು ತಿಂಗಳು ನಾನು ಎಲ್ಲಿರುತ್ತೇನೆ, ಯಾರ ಕೈಕೆಳಗೆ? ಟೆಸ್ಟ್ ಬೆಂಚು, ಒಳಬರುವ ಮಾಲಿನ ತಪಾಸಣೆ, ಎರಡೂ ಕಡೆ ಹಾಕುತ್ತೀರಾ? ಕನ್ಫರ್ಮೇಶನ್ ಆದ ಮೇಲೆ ಪಗಾರ ಎಷ್ಟು?" ಅಂತ ಕೇಳು. ಇಷ್ಟು ಕೇಳಿದ ಹುಡುಗನನ್ನು ಯಾರೂ ಉದ್ಧಟ ಅನ್ನುವುದಿಲ್ಲ. ನಾನಂತೂ ಹೀಗೆ ಕೇಳಿದವರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತಿದ್ದೆ. ಒಪ್ಪಿದ್ದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೋ.

ಬಾಂಡ್ ವಿಷಯ. ಅದು ಸುಮ್ನೆ ಹೆದರಿಸುವ ಕಾಗದ ಅಂತ ಸೀನಿಯರ್‌ಗಳು ಹೇಳಿದರೆ ನಂಬಬೇಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಒಂದು ಪ್ರಕರಣದಲ್ಲಿ, ಮೂರು ವರ್ಷ ಮುಗಿಸದೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಎತ್ತಿ ಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿ ಖರ್ಚನ್ನು ನೋಡಿ ಕೊಟ್ಟ ತೀರ್ಪು ನಿಜ. ಬರೆದ ಮೊತ್ತವೆಲ್ಲ ಹಾಗೇ ವಸೂಲಾಗುತ್ತದೆ ಅಂತಲೂ ಅಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯವಾದ ಪರಿಹಾರ ಮಾತ್ರ ಕೇಳಬಹುದು. ಆದರೂ ಸಹಿ ಮಾಡುವ ಮುಂಚೆ ಮೊತ್ತ ಎಷ್ಟು, ಯಾವ ತರಬೇತಿಗೆ, ಎಂದಿನಿಂದ ಎಣಿಕೆ ಅನ್ನುವುದನ್ನು ಓದಲೇಬೇಕು. ಮೂಲ ಅಂಕಪಟ್ಟಿಯನ್ನು ಮಾತ್ರ ಯಾರ ಹತ್ತಿರವೂ ಬಿಡಬೇಡ. ತೋರಿಸು, ಜೆರಾಕ್ಸ್ ಕೊಡು, ಮೂಲ ಪ್ರತಿ ಮನೆಗೆ ತಾ. ಬಿಟ್ಟೇ ಹೋಗಬೇಕು ಅಂತ ಹಟ ಹಿಡಿಯುವ ಕಡೆ ಸೇರಬೇಡ.

ನಿನಗೆ ಕೋಡ್ ಬರೆಯುವ ಆಸೆ ಇದ್ದಿದ್ದರೆ, ಇದೇ ಲೆಕ್ಕ ಇಟ್ಟುಕೊಂಡೂ ಬೆಂಗಳೂರಿಗೆ ಹೋಗು ಅನ್ನುತ್ತಿದ್ದೆ. ನಿನ್ನ ಪತ್ರದಲ್ಲಿ ಆ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ, ವರ್ಕ್‌ಶಾಪ್ ಬಗ್ಗೆ ಇದೆ. ಹುಬ್ಬಳ್ಳಿಗೆ ಹೂಂ ಅನ್ನು. ಬೆಂಗಳೂರಿನ ದಿನಾಂಕ ಬಂದಾಗ ಓಡಿಹೋಗುವ ಮನಸ್ಸು ಒಳಗೆ ಇದ್ದರೆ ಮಾತ್ರ ಇಲ್ಲಿ ಸೇರಬೇಡ. ಕಲಿಸಿದವರಿಗೆ ಆರೇ ತಿಂಗಳಿಗೆ ಕೈ ಕೊಡುವುದು ಸರಿಯಲ್ಲ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದ್ದೇನೆ. ದೊಡ್ಡ ಬಸ್ ತಯಾರಿಕೆ ಕಂಪನಿಯಲ್ಲಿ ಆಯ್ಕೆ ಆಗಿದ್ದೀರಿ ಅಂತ ವಾಟ್ಸ್ಆ್ಯಪ್‌ನಲ್ಲಿ ಲೆಟರ್ ಬಂದಿದೆ. ಯೂನಿಫಾರ್ಮ್, ಲ್ಯಾಪ್‌ಟಾಪ್‌ಗೆ 15,000 ಡಿಪಾಸಿಟ್ ಕಟ್ಟಿ, ಆಮೇಲೆ ವಾಪಸ್ ಕೊಡುತ್ತೇವೆ ಅಂತಾರೆ. ಕಟ್ಟಲಾ ಮೇಡಂ?
– ರಾಣೆಬೆನ್ನೂರು

ಉತ್ತರ: ಬೇಡ. ಒಂದು ರೂಪಾಯಿಯೂ ಕಟ್ಟಬೇಡ. ಇಂಟರ್‌ವ್ಯೂ ಮಾಡದೆ ಆರಿಸಿ, ಸೇರುವ ಮುಂಚೆ ದುಡ್ಡು ಕೇಳುವವರು ನೌಕರಿ ಕೊಡುವವರಲ್ಲ. ಈಗಾಗಲೇ ಕಟ್ಟಿದ್ದರೆ ನಾಚಿಕೆ ಪಡದೆ ಇವತ್ತೇ 1930ಕ್ಕೆ ಫೋನ್ ಮಾಡು, ಅದು ಸೈಬರ್ ವಂಚನೆಯ ಸಹಾಯವಾಣಿ. ತಡ ಆದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಡಿಪ್ಲೊಮಾ ಆದವರಿಗೆ ಸರ್ಕಾರದ ಅಪ್ರೆಂಟಿಸ್ ಯೋಜನೆ ಇದೆ, ಎನ್‌ಎಟಿಎಸ್ ಅಂತ. ಒಂದು ವರ್ಷ ಕಾರ್ಖಾನೆಯಲ್ಲಿ ಕಲಿಕೆ, ತಿಂಗಳಿಗೆ ಸ್ಟೈಪೆಂಡ್, ಕೊನೆಗೆ ಸರ್ಟಿಫಿಕೇಟ್. ಅವರ ವೆಬ್‌ಸೈಟಿನಲ್ಲಿ ನೀನೇ ಹೆಸರು ನೋಂದಾಯಿಸು, ಏಜೆಂಟ್ ಬೇಕಾಗಿಲ್ಲ.

ಪ್ರಶ್ನೆ: ನಾನು ಸವಣೂರು ಕಡೆಯವನು. ಬಿ.ಎ. ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ನಾಲ್ಕು ವರ್ಷದಿಂದ ಪಿಎಸ್‌ಐ, ಎಫ್‌ಡಿಎಗೆ ಓದುತ್ತಿದ್ದೇನೆ. ವಯಸ್ಸು 26. ಅಪ್ಪ ಲಾವಣಿ ಹೊಲದಲ್ಲಿ ಗೋವಿನಜೋಳ ಬೆಳೆದು ತಿಂಗಳಿಗೆ ಆರು ಸಾವಿರ ಕಳಿಸುತ್ತಾರೆ. ತಂಗಿ ಮದುವೆಗೆ ಬಂದಿದ್ದಾಳೆ. ನೌಕರಿಗೆ ಹೋಗೋಣ ಅಂದರೆ, ಇಷ್ಟು ವರ್ಷ ಏನು ಮಾಡಿದೆ ಅಂತ ಕೇಳುತ್ತಾರಲ್ಲ ಅನ್ನುವ ಅಂಜಿಕೆ. ಊರಿಗೆ ಹೋಗಲೂ ಮುಖ ಇಲ್ಲ.

ಉತ್ತರ: ನಿನ್ನ ಪತ್ರವನ್ನು ನಾನು ಮತ್ತೆ ಮತ್ತೆ ಓದಿದೆ ತಮ್ಮಾ. ಸಪ್ತಾಪುರದ ಲೈಬ್ರರಿಗಳ ಮುಂದೆ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ನಿಲ್ಲುವ ಹುಡುಗರನ್ನು ನೋಡಿದಾಗೆಲ್ಲ ಇದೇ ಸಂಕಟ ನನಗೂ ಆಗುತ್ತದೆ.

ಮೊದಲು ನಿನ್ನ ತಲೆಯಿಂದ ಒಂದು ಭಾರ ಇಳಿಸು. ವರ್ಷಗಳು ಹೋಗಿದ್ದು ನೀನು ಓದದೆ ಅಲ್ಲ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷಕ್ಕಿಂತ ಜಾಸ್ತಿ ಕಾದರು. ಇಷ್ಟು ಅನಿಶ್ಚಿತವಾದದ್ದರ ಮೇಲೆ ಇಡೀ ಬದುಕನ್ನು ಕಟ್ಟಿ ಕೂರಬಾರದು ಅನ್ನುವುದೇ ನನ್ನ ವಾದ. ಪರೀಕ್ಷೆ ಬಿಡು ಅನ್ನುತ್ತಿಲ್ಲ. ದುಡಿಯುತ್ತಾ ಬರೆ. ಮುಂದಿನ ತಿಂಗಳಿಂದ ಅಪ್ಪನ ಆರು ಸಾವಿರ ನಿಲ್ಲಬೇಕು, ಅದು ಮೊದಲ ಗುರಿ.

ಯಾವ ಪರೀಕ್ಷೆ ಉಳಿಸಿಕೊಳ್ಳಬೇಕು? ನಾನಾದರೆ ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಮೊದಲು ಇಡುತ್ತೇನೆ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯ ಬ್ಯಾಂಕಿನ ಜೊತೆ ಒಂದಾಗಿ ಈಗ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್ ಆಗಿದೆ. ಇದರ ಪರೀಕ್ಷೆ ನಡೆಸುವುದು ಐಬಿಪಿಎಸ್ ಅನ್ನುವ ಬ್ಯಾಂಕ್ ನೇಮಕಾತಿ ಸಂಸ್ಥೆ. ಹೆಚ್ಚಿನ ಭಾಗ ಕನ್ನಡದಲ್ಲೇ ಬರೆಯಬಹುದು, ಕನ್ನಡ ಬಲ್ಲವರೇ ಬೇಕು. ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಸಾಮಾನ್ಯ ವರ್ಗಕ್ಕೆ ವಯೋಮಿತಿ 28, ಹಿಂದುಳಿದ ವರ್ಗದವರಿಗೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ನೀನು ಓದಿರುವ ಗಣಿತ, ರೀಸನಿಂಗ್ ಇಲ್ಲಿಗೂ ಆಗುತ್ತದೆ. ಇದನ್ನೊಂದು, ಎಫ್‌ಡಿಎ ಒಂದು ಇಟ್ಟುಕೋ. ಉಳಿದ ಅರ್ಜಿಗಳಿಗೆ ದುಡ್ಡು ಹಾಕಬೇಡ.

ಇನ್ನು ಆ ಪ್ರಶ್ನೆ. ಕೇಳಿಯೇ ಕೇಳುತ್ತಾರೆ, ನಾನೂ ಕೇಳುತ್ತಿದ್ದೆ. ಸುಳ್ಳು ಹೇಳಿ, ಇಲ್ಲದ ಅನುಭವ ತೋರಿಸಿದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಿದ್ದರು. ನೀನು ನೆಟ್ಟಗೆ ಹೇಳು: "ಡಿಗ್ರಿ ಮುಗಿದ ಮೇಲೆ ಸರ್ಕಾರಿ ಪರೀಕ್ಷೆಗೆ ಓದಿದೆ. ಇಂಥ ಪರೀಕ್ಷೆ ಬರೆದೆ, ಇಷ್ಟು ಅಂಕ ಬಂತು. ಈಗ ದುಡಿಯಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ." ಅಷ್ಟು ಹೇಳಿ ನಿಲ್ಲಿಸು. ಸಮಜಾಯಿಷಿ ಬೇಡ, ತಲೆ ತಗ್ಗಿಸುವುದೂ ಬೇಡ.

ನಮ್ಮ ಸ್ಟೋರ್ಸ್‌ಗೆ ಇಂಥ ಹುಡುಗರನ್ನು ಬೇಕಂತಲೇ ತೆಗೆದುಕೊಳ್ಳುತ್ತಿದ್ದೆವು. ಯಾಕೆ ಗೊತ್ತಾ? ಸ್ಟೋರ್ಸ್‌ನಲ್ಲಿ ಪ್ರತಿ ಮಾಲಿಗೂ ಒಂದು ಬಿನ್ ಕಾರ್ಡ್ ಇರುತ್ತದೆ. ಬಂದದ್ದು, ಕೊಟ್ಟದ್ದು, ಉಳಿದದ್ದು ಆಗಿಂದಾಗ್ಗೆ ಬರೆಯಬೇಕು. ಸಂಜೆ ಬರೆದರಾಯಿತು ಅಂತ ಬಿಟ್ಟರೆ ವರ್ಷದ ಕೊನೆಗೆ ಲೆಕ್ಕ ಕೂಡುವುದಿಲ್ಲ. ನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಟಿಪ್ಪಣಿ ಮಾಡಿದವನಿಗೆ ಆ ತಾಳ್ಮೆ ಇರುತ್ತದೆ. ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶಗಳಲ್ಲಿ ಸ್ಟೋರ್ಸ್, ಡಿಸ್ಪ್ಯಾಚ್, ಟೈಮ್ ಆಫೀಸ್ ಕೆಲಸಗಳಿಗೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಒಂದು ಎಕ್ಸೆಲ್ ಕಲಿತುಕೋ, ಅದು ಬೇಕೇ ಬೇಕು. ರಿಸ್ಯೂಮ್ ಹಿಡಿದು ನೇರವಾಗಿ ಗೇಟಿಗೆ ಹೋಗು, ಬೆಳಿಗ್ಗೆ ಹತ್ತರ ಮೇಲೆ, ಶಿಫ್ಟ್ ಗಡಿಬಿಡಿ ಮುಗಿದಿರುತ್ತದೆ.

ಊರಿಗೂ ಹೋಗಿ ಬಾ. ಅಪ್ಪನಿಗೆ ಫೋನಿನಲ್ಲಿ ಹೇಳಬೇಡ, ಎದುರು ಕೂತು ಹೇಳು. ದುಡ್ಡು ಕಳಿಸುವುದು ಬೇಡ ಅನ್ನುವ ಮಾತು ಮಗನ ಬಾಯಿಂದ ಕೇಳುವುದು ಅವರಿಗೆ ಎಷ್ಟು ಸಮಾಧಾನ ಅನ್ನುವುದು ನಿನಗೆ ಗೊತ್ತಿಲ್ಲ.

ಪ್ರಶ್ನೆ: ಗದಗಿನಲ್ಲಿ ಬಿ.ಕಾಂ. ಮುಗಿಸಿದೆ, ಶೇಕಡಾ 68. ಮನೆಯಲ್ಲಿ ಬೆಂಗಳೂರಿಗೆ ಕಳಿಸುವುದಿಲ್ಲ. ಇಲ್ಲೇ ಒಬ್ಬ ಆಡಿಟರ್ ಆಫೀಸಿನಲ್ಲಿ 8,000ಕ್ಕೆ ಕರೆಯುತ್ತಿದ್ದಾರೆ. ಅದಕ್ಕಿಂತ ಎಂ.ಬಿ.ಎ. ಮಾಡು ಅಂತಾರೆ ಗೆಳತಿಯರು. ನಿಮ್ಮ ಸಲಹೆ ಏನು?

ಉತ್ತರ: ತಂಗಿ, ಎಂ.ಬಿ.ಎ. ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ವರ್ಷ ಆಡಿಟರ್ ಆಫೀಸಿಗೆ ಹೋಗು. 8,000 ಕಡಿಮೆಯೇ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅಲ್ಲಿ ತಿಂಗಳ ತಿಂಗಳ ಕೆಲಸ ಕಾಯುತ್ತಾ ಕೂರುವುದಿಲ್ಲ. 7ನೇ ತಾರೀಖು ಟಿಡಿಎಸ್ ಕಟ್ಟುವುದು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ ರಿಟರ್ನ್. ಜುಲೈನಲ್ಲಿ ಆದಾಯ ತೆರಿಗೆ ರಿಟರ್ನ್, ಸೆಪ್ಟೆಂಬರ್ ಕೊನೆಗೆ ಆಡಿಟ್ ವರದಿ. ಎಪಿಎಂಸಿಯ ಅಡತಿ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಬೆಟಗೇರಿಯ ಸೀರೆ ವ್ಯಾಪಾರಿ, ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ಕಾಲೇಜಿನಲ್ಲಿ ಡೆಬಿಟ್ ಕ್ರೆಡಿಟ್ ಬಾಯಿಪಾಠ ಮಾಡಿದ್ದು ಇಲ್ಲಿ ಚೀಲದ ತುಂಬ ಬಿಲ್ಲಾಗಿ ನಿನ್ನ ಮುಂದೆ ಬೀಳುತ್ತದೆ. ಟ್ಯಾಲಿಯಲ್ಲಿ ಬರೀ ಎಂಟ್ರಿ ಹಾಕಿಸಿದರೆ ಮೂರು ತಿಂಗಳ ಮೇಲೆ ಬಾಯಿ ಬಿಟ್ಟು ಕೇಳು, "ಸರ್, ರಿಟರ್ನ್ ನಾನೇ ತಯಾರಿಸುತ್ತೇನೆ, ನೀವು ತಪ್ಪು ನೋಡಿ" ಅಂತ.

ಇನ್ನೊಂದು ದಾರಿಯನ್ನು ನಿನ್ನ ಗೆಳತಿಯರು ಹೇಳಿಲ್ಲ. ಬಿ.ಕಾಂ.ನಲ್ಲಿ ಶೇಕಡಾ 55 ದಾಟಿದವರು ಸಿ.ಎ. ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೆಸರು ಹಚ್ಚಬಹುದು. ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ಒಬ್ಬರ ಕೈಕೆಳಗೆ ಮಾಡಬೇಕಾದ ತರಬೇತಿ ಕೂಡ ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕೆ ಇಳಿದಿದೆ. ನಿನಗೆ 68 ಇದೆ. ಕಷ್ಟದ ಓದು, ಸುಳ್ಳು ಹೇಳುವುದಿಲ್ಲ. ಆಡಿಟರ್ ಆಫೀಸಿನಲ್ಲಿ ಆರು ತಿಂಗಳು ಕೂತರೆ ಆ ಓದು ನಿನಗೆ ಹಿಡಿಸುತ್ತದೋ ಇಲ್ಲವೋ ನಿನಗೇ ತಿಳಿಯುತ್ತದೆ. ಮನೆಯವರಿಗೆ ಬೆಂಗಳೂರು ಬೇಡವಾದರೆ ವರ್ಷದ ಮೇಲೆ ಹುಬ್ಬಳ್ಳಿ ಇದೆ. ಗದಗಿನಿಂದ ರೈಲಿನ ಸೀಸನ್ ಪಾಸ್ ಮಾಡಿಸಿ ದಿನಾ ಓಡಾಡುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ನಮ್ಮ ಅಕೌಂಟ್ಸ್ ವಿಭಾಗಕ್ಕೇ ಬರುತ್ತಿದ್ದರು.

ಪ್ರಶ್ನೆ: ಮೇಡಂ, ನಾನು ಕುಂದಗೋಳದವಳು, ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಈಗ ಇಲೆಕ್ಟ್ರಾನಿಕ್ಸ್ ಬಿ.ಇ. ವಿಷಯ ಗೊತ್ತಿದ್ದರೂ ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. ಎರಡು ಕಡೆ ಹಾಗೇ ಹೋಯಿತು.

ಉತ್ತರ: ವಿಷಯ ಗೊತ್ತಿರುವುದು ದೊಡ್ಡದು, ಅದನ್ನು ಮೊದಲು ನಂಬು. ನಿನ್ನ ಪ್ರಾಜೆಕ್ಟ್ ಏನು ಅನ್ನುವುದನ್ನು ಮನೆಯಲ್ಲಿ ಅವ್ವನಿಗೆ ಕನ್ನಡದಲ್ಲಿ ಹೇಳು. ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ, ಹೇಗೆ ಬಿಡಿಸಿದೆ. ಅವ್ವನಿಗೆ ತಿಳಿಯಿತು ಅಂದರೆ ನಿನಗೆ ಸ್ಪಷ್ಟ ಇದೆ ಅಂತ ಅರ್ಥ. ಅದನ್ನೇ ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡು. ಉದ್ದ ವಾಕ್ಯ ಬೇಡ. ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿದ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಉತ್ತರ ಬೇಡವೇ ಬೇಡ. ಅದೇ ಉತ್ತರವನ್ನು ಒಂದೇ ದಿನ ಇಪ್ಪತ್ತು ಬಾಯಲ್ಲಿ ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇಂಟರ್‌ವ್ಯೂನಲ್ಲಿ ಮಾತು ನಿಂತರೆ ಒಂದು ಹಾಳೆ ಕೇಳು. ಸರ್ಕ್ಯೂಟ್ ಬರೆ. ಪೆನ್ ತುದಿ ಇಟ್ಟು, ಇಲ್ಲಿ ಸೆನ್ಸರ್, ಇಲ್ಲಿಂದ ಸಿಗ್ನಲ್, ಇಲ್ಲಿ ನಾಯ್ಸ್ ಬರುತ್ತಿತ್ತು, ಈ ಕೆಪಾಸಿಟರ್ ಹಾಕಿದೆ ಅಂತ ತೋರಿಸುತ್ತಾ ಹೋಗು. ಪೆನ್ ಓಡಲು ಶುರುವಾದರೆ ಮಾತೂ ಬರುತ್ತದೆ. ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ನಾನೇ ಮುಂದಾಗಿ ಹಾಳೆ ಕೊಡುತ್ತಿದ್ದೆ. ಕೈ ನಡುಗುತ್ತಾ ಕೂತವರು ಅರ್ಧ ಚಿತ್ರ ಆಗುವಷ್ಟರಲ್ಲಿ ನಮಗೇ ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳು, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ನಮ್ಮ ಭಾಗದ ಕಂಪನಿಗಳಲ್ಲಾದರೆ "ಸರ್, ಇದೊಂದನ್ನು ಕನ್ನಡದಲ್ಲಿ ಹೇಳಲಾ" ಅಂದರೂ ನಡೆಯುತ್ತದೆ, ಒಂದೆರಡು ಕಡೆ ಮಾತ್ರ ಬಳಸು. ಮುಂದಿನ ಇಂಟರ್‌ವ್ಯೂಗೆ ಹೋಗುವಾಗ ಪ್ರಾಜೆಕ್ಟಿನ ಬೋರ್ಡನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಹೋಗು, ಬ್ಯಾಟರಿ ಚಾರ್ಜ್ ಮಾಡಿಕೊಂಡು. ಆದದ್ದನ್ನು ನನಗೆ ಬರೆ.